ಎಂಟನೇ ತಂತಿ

ಮನೆಯಲ್ಲಿರೋ ಸ್ಪೀಕರ್ ಮೇಲೆ ಒಂದ್ಸಲ ಕೈ ಇಟ್ಟು ನೋಡಿ. ಮುಂದೆ ಕುಣಿಯೋ ಕೋನ್ ಮೇಲಲ್ಲ, ಪೆಟ್ಟಿಗೆಯ ಪಕ್ಕದ ಹಲಗೆ ಮೇಲೆ. ಯಾವುದಾದರೂ ಕಚೇರಿಯ ತನಿ ಆವರ್ತನ ಹಾಕಿ, ಇಲ್ಲಾ ನಿಮಗಿಷ್ಟವಾದ ಸಿನಿಮಾ ಹಾಡು ಹಾಕಿ. ಅಂಗೈಗೆ ಜುಮ್ ಅಂತ ಬರುತ್ತಲ್ಲ, ಅದನ್ನ ಯಾರು ನುಡಿಸ್ತಿರೋದು? ಮೃದಂಗದವರಂತೂ ಅಲ್ಲ. ಸ್ಟುಡಿಯೋದಲ್ಲಿ ಆ ಶಬ್ದ ಇರಲೇ ಇಲ್ಲ. ನಿಮ್ಮ ಮನೆಗೆ ಬಂದ ಮೇಲೆ ಪ್ಲೈವುಡ್ಡೋ ಎಂಡಿಎಫ್ಫೋ ತನ್ನ ಪಾಡಿಗೆ ಸೇರಿಸಿದ ಸ್ವರ ಅದು.

ಈ ಹಲಗೆಯನ್ನ ಸುಮ್ಮನಿರಿಸೋಕೆ ಜನ ಹೆಚ್ಚುಕಮ್ಮಿ ನೂರು ವರ್ಷದಿಂದ ಒದ್ದಾಡ್ತಿದ್ದಾರೆ. ಮರಳು ತುಂಬಿದ್ದಾರೆ, ಇಟ್ಟಿಗೆ ಕಟ್ಟಿದ್ದಾರೆ, ಟಾರು ಹಚ್ಚಿದ್ದಾರೆ. ಆ ಕತೆಗೆ ಅಮೆರಿಕ, ಇಂಗ್ಲೆಂಡಿಗೆಲ್ಲ ಹೋಗಲೇಬೇಕು, ಹೋಗೋಣ. ಅದಕ್ಕೂ ಮುಂಚೆ ನಮ್ಮೂರ ಕಡೆಯವರೊಬ್ಬರ ವಿಷಯ ಹೇಳಬೇಕು. ಅವರ ಕಷ್ಟ ಇದಕ್ಕೆ ತದ್ವಿರುದ್ಧ.

ನಮ್ಮೂರು ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ. ಪಕ್ಕದ ತಾಲ್ಲೂಕು ತಿರುಮಕೂಡಲು ನರಸೀಪುರ, ಕಾವೇರಿ ಕಪಿಲೆ ಕೂಡೋ ಜಾಗ. ಪಿಟೀಲು ಚೌಡಯ್ಯನವರು ಹುಟ್ಟಿದ್ದು ಅಲ್ಲಿ, 1895ರಲ್ಲಿ. ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಅವರು ಕಚೇರಿ ಶುರು ಮಾಡಿದ ಕಾಲಕ್ಕೆ ಮೈಕು ಇನ್ನೂ ನಮ್ಮ ಸಭೆಗಳಿಗೆ ಬಂದಿರಲಿಲ್ಲ. ಮದುವೆ ಚಪ್ಪರ, ದೇವಸ್ಥಾನದ ಅಂಗಳ, ರಾಮೋತ್ಸವದ ಪೆಂಡಾಲು, ಎಲ್ಲಾ ಕಡೆ ನೂರಾರು ಜನ. ಗಾಯಕರ ಗಂಟಲು ಹಿಂದಿನ ಸಾಲಿಗೆ ಹೇಗೋ ಮುಟ್ಟೋದು. ಪಿಟೀಲು ಮುಟ್ಟುತ್ತಿರಲಿಲ್ಲ.

ಚೌಡಯ್ಯನವರು ಇದಕ್ಕೆ ಕಂಡುಕೊಂಡ ದಾರಿ ಏಳು ತಂತಿಯ ಪಿಟೀಲು. ಮಾಮೂಲಿ 4 ತಂತಿಗೆ ಇನ್ನೂ 3 ಸೇರಿಸಿ, ಮೂರು ತಂತಿಗಳಿಗೆ ಜೋಡಿ ಕೊಟ್ಟರು. 1927ರ ಹೊತ್ತಿಗೆ ಅದು ಕಚೇರಿಗೆ ಬಂತು ಅಂತ ಅವರ ಚರಿತ್ರೆ ಬರೆದವರು ಹೇಳ್ತಾರೆ. ಒಂದೇ ಕಮಾನಿನ ಎಳೆತಕ್ಕೆ ಎರಡು ತಂತಿ ಒಟ್ಟಿಗೆ ನುಡಿದರೆ ನಾದ ದಪ್ಪ ಆಗುತ್ತೆ, ದೂರ ಹೋಗುತ್ತೆ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಕರೆಂಟಿಲ್ಲದ ಆಂಪ್ಲಿಫೈಯರ್.

ಪಿಟೀಲಿನಲ್ಲಿ ತಂತಿ ಮಾಡೋದು ಅರ್ಧ ಕೆಲಸ ಮಾತ್ರ. ಅಷ್ಟು ಸಣ್ಣ ತಂತಿ ಎಷ್ಟು ಗಾಳಿಯನ್ನ ತಳ್ಳೀತು? ತಂತಿಯ ಅದುರು ಕುದುರೆ ಮೂಲಕ ಕೆಳಗಿನ ಮರದ ತಟ್ಟೆಗೆ ಇಳಿಯುತ್ತೆ. ತಟ್ಟೆ ಅದುರಿ ಗಾಳಿಯನ್ನ ತಳ್ಳುತ್ತೆ. ನಾವು ಪಿಟೀಲಿನ ನಾದ ಅಂತ ಕೇಳೋದು ಬಹುಪಾಲು ಮರದ ನಾದವನ್ನೇ. ವೀಣೆಯ ಹಲಸಿನ ಕೊಡಕ್ಕೂ, ತಂಬೂರಿಯ ಬುರುಡೆಗೂ ಇದೇ ಲೆಕ್ಕ. ವಾದ್ಯ ಮಾಡೋರ ವಿದ್ಯೆಯೆಲ್ಲ ಮರವನ್ನ ಹಾಡಿಸೋ ವಿದ್ಯೆ. ಯಾವ ಮರ, ಎಷ್ಟು ತೆಳು, ಎಲ್ಲಿ ಹೆರೆಯಬೇಕು, ಎಲ್ಲಿ ಬಿಡಬೇಕು ಅನ್ನೋದು ತಲೆಮಾರುಗಳಿಂದ ಕೈಯಿಂದ ಕೈಗೆ ಬಂದಿದೆ.

ಹಾಗಂತ ಮರ ಹಾಡಿದ್ದೆಲ್ಲ ಒಳ್ಳೇದು ಅಂತೇನಿಲ್ಲ. ಚೆಲ್ಲೋ ನುಡಿಸೋರಿಗೆ ಒಂದು ಹಳೇ ಪೀಡೆ ಇದೆ, ಅದಕ್ಕೆ ಅವರು ತೋಳದ ಸ್ವರ ಅಂತಾರೆ. ಯಾವುದೋ ಒಂದು ಸ್ವರಕ್ಕೆ ಬಂದಾಗ ವಾದ್ಯದ ಒಡಲು ತಂತಿಯ ಮಾತು ಕೇಳೋದನ್ನ ಬಿಟ್ಟು ತಾನೇ ಊಳಿಡೋಕೆ ಶುರು ಮಾಡುತ್ತೆ. ಒಡಲಿಗೂ ಅದರದ್ದೇ ಒಂದು ಸ್ವಂತ ಕಂಪನ ಇರುತ್ತಲ್ಲ, ತಂತಿಯ ಸ್ವರ ಅದರ ಹತ್ತಿರಕ್ಕೆ ಬಂದಾಗ ಇಬ್ಬರಿಗೂ ಜಗಳ. ಇದರ ಮೇಲೆ 1916ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದವರು ಸಿ.ವಿ. ರಾಮನ್. ಆಗ ಅವರು ಕಲ್ಕತ್ತಾದಲ್ಲಿದ್ದರು. 1933ರಲ್ಲಿ ಬೆಂಗಳೂರಿಗೆ ಬಂದರು. ಮಾರನೇ ವರ್ಷ ತಾವೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ನಮ್ಮ ಚರ್ಮವಾದ್ಯಗಳ ಬಗ್ಗೆ ಬರೆದರು.

ಅದರ ಸಾರ ಇಷ್ಟು. ಬರೀ ಚರ್ಮ ಬಿಗಿದ ತಮಟೆಯನ್ನ ಬಡಿದರೆ ಹೊರಡೋ ಕಂಪನಗಳು ಒಂದಕ್ಕೊಂದು ಹೊಂದಲ್ಲ, ಹಾಗಾಗಿ ಅದರಲ್ಲಿ ಶ್ರುತಿ ಹುಡುಕೋಕಾಗಲ್ಲ. ಮೃದಂಗದ ಬಲಗಡೆ ನಡುವೆ ಕಪ್ಪು ಕರಣೆ ಇದೆಯಲ್ಲ, ಆ ಭಾರ ಕಂಪನಗಳನ್ನ ಒಂದು ಲೆಕ್ಕಕ್ಕೆ ತಂದು ಕೂರಿಸುತ್ತೆ. ಆಗ ಚರ್ಮ ಕೂಡ ತಂತಿ ಥರ ಶ್ರುತಿ ಹಿಡಿಯುತ್ತೆ. ಎಡಗಡೆಗೆ ಕಚೇರಿಗೆ ಮುಂಚೆ ಕಲಸಿದ ರವೆ ಮೆತ್ತಿ, ಮುಗಿದ ಮೇಲೆ ಕೆರೆದು ತೆಗೆಯೋದೂ ಇದೇ ಜಾತಿಯ ಕೆಲಸ. ಬೇಡದ ಕಂಪನಕ್ಕೆ ನಮ್ಮ ಜನ ಕಂಡುಕೊಂಡಿದ್ದ ಮದ್ದು ಇದು: ಸರಿಯಾದ ಜಾಗದಲ್ಲಿ ಸರಿಯಾದಷ್ಟು ಭಾರ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಇಂಗ್ಲೆಂಡಿನಲ್ಲಿ ಮತ್ತೆ ಸಿಗುತ್ತೆ.

ಈಗ ಪೆಟ್ಟಿಗೆಗೆ ಬರೋಣ. ಎಡಿಸನ್ 1877ರಲ್ಲಿ ಧ್ವನಿಯನ್ನ ಹಿಡಿದಿಟ್ಟ. 1902ರ ನವೆಂಬರಿನಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದರು. ಹಾಡು ಮುಗಿದ ಮೇಲೆ ತಮ್ಮ ಹೆಸರನ್ನ ಇಂಗ್ಲಿಷಿನಲ್ಲಿ ಕೂಗಿ ಹೇಳ್ತಿದ್ದರು. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರು ಮೊದಲು ಹಾಡಿದ ಕಾಲದಲ್ಲಿ ಮೈಕೂ ಇಲ್ಲ, ಸ್ಪೀಕರೂ ಇಲ್ಲ. ದೊಡ್ಡ ಕಹಳೆಯೊಳಗೆ ಮುಖ ಇಟ್ಟು ಹಾಡಬೇಕು, ಆ ಅದುರಿಗೇ ಸೂಜಿ ಮೇಣ ಕೊರೆಯಬೇಕು. ಕಹಳೆಯ ತಗಡು ತಾನೂ ಝಣ್ ಅನ್ನುತ್ತೆ ಅಂತ ರೆಕಾರ್ಡಿಂಗ್ ಮಾಡೋರು ಅದರ ಮೈಗೆ ಬಟ್ಟೆ ಪಟ್ಟಿ ಸುತ್ತುತ್ತಿದ್ದರು. ಧ್ವನಿ ಮುದ್ರಿಸೋ ಕಸುಬು ಹುಟ್ಟಿದಾಗಿಂದಲೇ ಅದರ ಜೊತೆ ಈ ಬಟ್ಟೆ ಪಟ್ಟಿಯೂ ಇದೆ ಅನ್ನಿ.

1925ರಲ್ಲಿ ಎರಡು ಘಟನೆ ಆದವು. ರೆಕಾರ್ಡಿಂಗಿಗೆ ಕರೆಂಟು ಬಂತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಅನ್ನೋ ಇಬ್ಬರು ಎಂಜಿನಿಯರುಗಳು ಹೊಸ ಥರದ ಲೌಡ್‌ಸ್ಪೀಕರ್ ತೋರಿಸಿದರು. ಕಾಗದದ ಕೋನ್, ಅದಕ್ಕಂಟಿದ ತಂತಿ ಸುರುಳಿ, ಸುತ್ತ ಮ್ಯಾಗ್ನೆಟ್. ಇವತ್ತು ನಿಮ್ಮ ಟಿವಿಯಲ್ಲಿ, ಕಾರಿನಲ್ಲಿ, ಮೇಜಿನ ಮೇಲಿನ ಬ್ಲೂಟೂತ್ ಡಬ್ಬಿಯಲ್ಲಿ ಇರೋದು ಬಹುತೇಕ ಅದೇ ವಿನ್ಯಾಸ. ಕೋನ್ ಮುಂದೆ ತಳ್ಳಿದ ಗಾಳಿಯೂ ಹಿಂದೆ ತಳ್ಳಿದ ಗಾಳಿಯೂ ಸೇರಿಬಿಟ್ಟರೆ ಬೇಸ್ ಸತ್ತುಹೋಗುತ್ತೆ. ಎರಡನ್ನೂ ಬೇರೆ ಮಾಡೋಕೆ ಹಲಗೆ ಬೇಕು, ಪೆಟ್ಟಿಗೆ ಬೇಕು.

ಮರದ ಪೆಟ್ಟಿಗೆಯ ಕೆಲಸ ತಲೆಕೆಳಗಾಗಿದ್ದು ಇಲ್ಲಿ. ಅಲ್ಲಿವರೆಗೆ ಸಂಗೀತದಲ್ಲಿ ಮರ ಇದ್ದಿದ್ದೇ ಹಾಡೋಕೆ. ಈಗ ಮೊದಲ ಸಲ ಅದಕ್ಕೆ ಬಾಯಿ ಮುಚ್ಚಿಕೊಂಡಿರು ಅನ್ನಬೇಕಾಯ್ತು. ಪಿಟೀಲೂ ತಂಬೂರಿಯೂ ಮೃದಂಗವೂ ಈಗಾಗಲೇ ತಮ್ಮ ತಮ್ಮ ಮರವನ್ನ ಹಾಡಿಸಿ ರೆಕಾರ್ಡಿಗೆ ಕೊಟ್ಟಿವೆ. ನಿಮ್ಮ ಪೆಟ್ಟಿಗೆ ಅದರ ಮೇಲೆ ಏನು ಸೇರಿಸಿದರೂ ಅದು ಕರೆಯದೆ ಬಂದು ಪಕ್ಕವಾದ್ಯಕ್ಕೆ ಕೂತ ಹಾಗೆ. ಚೌಡಯ್ಯನವರು ಎಣಿಸಿ ಏಳು ತಂತಿ ಕಟ್ಟಿದರು. ಪೆಟ್ಟಿಗೆ ಸೇರಿಸೋದನ್ನ ನಾನು ಎಂಟನೇ ತಂತಿ ಅಂತ ಕರೀತೀನಿ.

ಎಂಟನೇ ತಂತಿ ಎಲ್ಲಿಂದ ಹುಟ್ಟುತ್ತೆ? ನ್ಯೂಟನ್ನನ ಮೂರನೇ ನಿಯಮ ಪಿಯುಸಿಯಲ್ಲಿ ಓದಿದ್ದೇವೆ. ಕೋನ್ ಮುಂದಕ್ಕೆ ಹೋದರೆ ಮ್ಯಾಗ್ನೆಟ್ಟು, ಅದಕ್ಕೆ ಬಿಗಿದ ಪೆಟ್ಟಿಗೆ ಹಿಂದಕ್ಕೆ ಹೋಗಲೇಬೇಕು. ಕೋನ್ 20 ಗ್ರಾಂ, ಪೆಟ್ಟಿಗೆ 10 ಕೆಜಿ ಅಂದುಕೊಳ್ಳಿ. ಕೋನ್ 5 ಮಿಲಿಮೀಟರ್ ಆಡಿದರೆ ಪೆಟ್ಟಿಗೆ 0.01 ಮಿಲಿಮೀಟರ್ ಆಡುತ್ತೆ. ಇಷ್ಟೇನಾ ಅನ್ನಬಹುದು. ಆದರೆ ಪೆಟ್ಟಿಗೆಯ ಒಟ್ಟು ಮೈ ಕೋನ್‌ಗಿಂತ ಎಷ್ಟೋ ಪಟ್ಟು ದೊಡ್ಡದು. ಜೊತೆಗೆ ಒಳಗಿನ ಗಾಳಿ ಕೂಡ ಹಲಗೆಗಳನ್ನ ಒಳಗಿಂದ ಒತ್ತುತ್ತಿರುತ್ತೆ. ಪ್ರತಿ ಹಲಗೆಗೂ ಅದರ ಸ್ವಂತ ಸ್ವರ ಇದೆ, ಸಾಧಾರಣ ಪೆಟ್ಟಿಗೆಗಳಲ್ಲಿ ಅದು 100ರಿಂದ 400 ಹರ್ಟ್ಝ್ ಒಳಗೆ ಬೀಳೋದು ಸಾಮಾನ್ಯ. ನಮ್ಮ ಸಂಗೀತಕ್ಕೆ ಇದು ಆಯಕಟ್ಟಿನ ಜಾಗ. ಸಿ ಶಾರ್ಪ್ ಶ್ರುತಿಗೆ ಹಾಡೋ ಗಾಯಕರ ಷಡ್ಜ ಸುಮಾರು 139 ಹರ್ಟ್ಝ್, ಪಂಚಮ 208. ಹಲಗೆಯ ಸ್ವರವೂ 208ರ ಹತ್ತಿರ ಇದ್ದರೆ ಪಂಚಮ ಬಂದಾಗಲೆಲ್ಲ ಅದು ಮಿಕ್ಕ ಸ್ವರಕ್ಕಿಂತ ಊದಿಕೊಳ್ಳುತ್ತೆ. ಅದಕ್ಕಿಂತ ಕೆಟ್ಟದ್ದು, ಗಾಯಕರು ನಿಲ್ಲಿಸಿದ ಮೇಲೂ ಹಲಗೆ ಒಂದಿಷ್ಟು ಹೊತ್ತು ಎಳೆಯುತ್ತಿರುತ್ತೆ. ತೊಳೆದ ಹಾಗೆ ಕೇಳಬೇಕಿದ್ದ ಸ್ವರಗಳು ಒಂದರ ಮೇಲೊಂದು ಬಿದ್ದು ಕೆಸರಾಗ್ತವೆ.

ಮೈಸೂರು ಸೀಮೆಗೆ ಈ ಹೊಸ ಪೆಟ್ಟಿಗೆ ಬೇಗನೇ ಬಂತು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ 30 ವ್ಯಾಟಿನ ಟ್ರಾನ್ಸ್‌ಮಿಟರಿನಲ್ಲಿ ಬಾನುಲಿ ಶುರು ಮಾಡಿದರು. ಹಳೇ ಕಾಲದ ಉದ್ದನೆಯ ಟ್ಯೂಬ್‌ಲೈಟಿಗೆ ಬೇಕಾಗ್ತಿದ್ದಿದ್ದೇ ಅದಕ್ಕಿಂತ ಜಾಸ್ತಿ. ಮುಂದೆ ಇಡೀ ದೇಶದ ರೇಡಿಯೋಗೆ ಆದ ಆಕಾಶವಾಣಿ ಅನ್ನೋ ಹೆಸರನ್ನ ಇಟ್ಟುಕೊಂಡಿದ್ದ ನಿಲಯ ಅದು.

ಆ ಕಾಲದ ವಾಲ್ವ್ ರೇಡಿಯೋ ಬಿಚ್ಚಿ ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತೆ. ಸ್ಟೇಷನ್ ತಿರುಗಿಸೋ ಗ್ಯಾಂಗ್ ಕಂಡೆನ್ಸರಿನ ಕೆಳಗೆ ರಬ್ಬರ್ ಬುಷ್ ಹಾಕಿರ್ತಿದ್ದರು. ಯಾಕೆ ಅಂದರೆ ಸ್ಪೀಕರ್ ಇರೋದೂ ಅದೇ ಪೆಟ್ಟಿಗೆಯಲ್ಲಿ. ಸ್ಪೀಕರ್ ಅದುರಿದರೆ ಗ್ಯಾಂಗಿನ ತೆಳು ತಗಡುಗಳೂ ಅದುರ್ತವೆ, ಸ್ಟೇಷನ್ ಅಲ್ಲಾಡುತ್ತೆ, ಆ ಅಲ್ಲಾಟ ಮತ್ತೆ ಸ್ಪೀಕರಿಗೆ ಹೋಗುತ್ತೆ. ಸುತ್ತಿ ಸುತ್ತಿ ಕೊನೆಗೆ ಊಳು, ಅದರಲ್ಲೂ ಶಾರ್ಟ್‌ವೇವಿನಲ್ಲಿ. ಒಂದಾಣೆ ರಬ್ಬರು ಅದನ್ನ ತಡೀತಿತ್ತು.

ಅರಮನೆಯಲ್ಲಿ ಜಯಚಾಮರಾಜೇಂದ್ರ ಒಡೆಯರ್ ಇದ್ದರು. ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದವರು, ಪಾಶ್ಚಾತ್ಯ ಸಂಗೀತದಲ್ಲೂ ಅಷ್ಟೇ ಮುಳುಗಿದ್ದವರು. ರಷ್ಯನ್ ಸಂಯೋಜಕ ಮೆಟ್ನರ್ ಕೃತಿಗಳ ರೆಕಾರ್ಡಿಂಗಿಗೆ ದುಡ್ಡು ಕೊಟ್ಟವರು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದಿದ್ದು ಇವರ ನೆರವಿನಿಂದ. ಇಎಂಐ ಕಂಪನಿಯ ಹೆಸರಾಂತ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಕಂಡ ರೆಕಾರ್ಡು ಭಂಡಾರವನ್ನೂ ಅಲ್ಲಿದ್ದ ಥರಾವರಿ ಲೌಡ್‌ಸ್ಪೀಕರುಗಳನ್ನೂ ನೆನಪಿಟ್ಟುಕೊಂಡು ಬರೆದಿದ್ದಾರೆ. ಒಬ್ಬ ಕೇಳುಗನಿಗೆ ಥರಾವರಿ ಸ್ಪೀಕರ್ ಯಾಕೆ ಬೇಕು? ನನ್ನ ಊಹೆ ಇಷ್ಟೇ: ಒಂದೇ ರೆಕಾರ್ಡು ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ಥರ ಕೇಳ್ತಿತ್ತು. ಯಾವುದು ನಿಜ ಅಂತ ಕಿವಿಯಿರೋರಿಗೆ ಅನುಮಾನ ಬಂದೇ ಬರುತ್ತೆ.

ಆ ಅನುಮಾನಕ್ಕೆ ಮೊದಲು ಗಟ್ಟಿಯಾಗಿ ಉತ್ತರ ಹುಡುಕಿದವರಲ್ಲಿ ಇಂಗ್ಲೆಂಡಿನ ಗಿಲ್ಬರ್ಟ್ ಬ್ರಿಗ್ಸ್ ಒಬ್ಬರು. ವಾರ್ಫ್‌ಡೇಲ್ ಕಂಪನಿ ಕಟ್ಟಿದವರು. ಅವರು ತೆಳು ಪ್ಲೈವುಡ್ಡಿನ ಎರಡು ಹಾಳೆಗಳ ನಡುವೆ ಒಣ ಮರಳು ತುಂಬಿದರು. ಹಲಗೆ ಅದುರೋಕೆ ಹೋದರೆ ಮರಳಿನ ಕಾಳುಗಳು ಒಂದಕ್ಕೊಂದು ಉಜ್ಜಿ ಆ ಶಕ್ತಿಯನ್ನ ಬಿಸಿಯಾಗಿ ಕರಗಿಸಿಬಿಡ್ತವೆ. ಕೋಣೆಯ ಮೂಲೆಗೆ ಇಟ್ಟಿಗೆಯಲ್ಲೇ ಸ್ಪೀಕರ್ ಗೂಡು ಕಟ್ಟಿ ನೋಡಿದ್ದೂ ಉಂಟು. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಜನ ಸೇರಿಸಿ, ಎದುರಿಗೇ ಕಲಾವಿದರನ್ನ ಕೂರಿಸಿ ನುಡಿಸಿ, ಆಮೇಲೆ ಅದರ ರೆಕಾರ್ಡಿಂಗನ್ನ ಸ್ಪೀಕರಿನಲ್ಲಿ ಕೇಳಿಸಿ, ಹೋಲಿಸಿ ನೋಡಿ ಅಂದರು. ಅಂಥ ಧೈರ್ಯ ಇವತ್ತಿನ ಯಾವ ಶೋರೂಮಿನಲ್ಲೂ ನಾನು ಕಂಡಿಲ್ಲ.

ಅದೇ 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚುರ್ ಇನ್ನೊಂದು ತಿರುವು ಕೊಟ್ಟರು. ಪೆಟ್ಟಿಗೆಯನ್ನ ಗಾಳಿಯಾಡದ ಹಾಗೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರು. ಬೀರುವಿನಷ್ಟು ದೊಡ್ಡದಿದ್ದ ಸ್ಪೀಕರ್ ಪುಸ್ತಕದ ಕಪಾಟಿಗೆ ಬಂತು. ಜಾಗ ಉಳೀತು. ಒಂದು ಹೊಸ ತಲೆನೋವೂ ಬಂತು: ನೆಲದ ಮೇಲೆ ನಿಂತಿದ್ದ ಸ್ಪೀಕರ್ ಈಗ ಕಪಾಟು, ಮೇಜು, ಟಿವಿ ಯೂನಿಟ್ ಮೇಲೆ ಕೂತು, ಆ ಮರಗಳನ್ನೂ ಹಾಡಿಸೋಕೆ ಹಿಡೀತು.

ಕತೆಯ ನನಗಿಷ್ಟವಾದ ಘಟ್ಟ ಬಿಬಿಸಿಯದ್ದು. ಅವರ ಸಂಶೋಧನಾ ವಿಭಾಗಕ್ಕೆ ಒಂದು ಅನುಕೂಲ ಇತ್ತು. ಸ್ಟುಡಿಯೋದಲ್ಲಿ ಮಾತಾಡ್ತಿರೋ ಮನುಷ್ಯನನ್ನ ನೇರವಾಗಿ ಕೇಳಿ, ಪಕ್ಕದ ಕೋಣೆಗೆ ಬಂದು ಅದೇ ದನಿಯನ್ನ ಸ್ಪೀಕರಿನಲ್ಲಿ ಕೇಳಬಹುದಿತ್ತು. ಪರಿಚಯದವರ ದನಿ ಒಂಚೂರು ಕೆಟ್ಟರೂ ಕಿವಿ ಹಿಡಿದುಬಿಡುತ್ತೆ. ಗಂಡಸರ ದನಿಯಲ್ಲಿ ಮಡಕೆಯೊಳಗಿಂದ ಮಾತಾಡಿದ ಹಾಗೆ ಕೇಳಿದರೆ ತಪ್ಪು ಹಲಗೆಯದ್ದು ಅಂತ ಅವರಿಗೆ ಗೊತ್ತಾಗ್ತಿತ್ತು. ದಪ್ಪ ಮರ ಹಾಕಿದರೆ ಸರಿಹೋಗುತ್ತೆ ಅಂತ ನಾವೆಲ್ಲ ಅಂದುಕೊಳ್ತೀವಿ. ಬರೀ ದಪ್ಪ ಮಾಡಿದರೆ ಹಲಗೆಯ ಸ್ವರ ಮೇಲಕ್ಕೆ ಸರಿಯುತ್ತೆ ಅಷ್ಟೇ, ಕಿವಿ ಇನ್ನೂ ಚುರುಕಾಗಿರೋ ಕಡೆಗೆ. ಬಿಬಿಸಿಯವರು ಉಲ್ಟಾ ಮಾಡಿದರು. ತೆಳು ಬರ್ಚ್ ಪ್ಲೈವುಡ್ ತಗೊಂಡು, ಒಳಮೈಗೆ ಡಾಂಬರಿನ ಹಾಳೆ ಮೆತ್ತಿದರು. ತೆಳು ಹಲಗೆಯ ಸ್ವರ ಕೆಳಗಿಳೀತು, ಡಾಂಬರು ಅದರ ಜೀವ ಹೀರಿತು. 1970ರ ದಶಕದ ಎಲ್‌ಎಸ್3/5ಎ ಅನ್ನೋ ಪುಟ್ಟ ಸ್ಪೀಕರ್ ಇದೇ ಮನೆತನದ್ದು. 1977ರಲ್ಲಿ ಹಾರ್ವುಡ್ ಮತ್ತು ಮ್ಯಾಥ್ಯೂಸ್ ಈ ಪ್ರಯೋಗಗಳನ್ನೆಲ್ಲ ಅಳತೆ ಸಮೇತ ವರದಿ ಮಾಡಿದರು.

ಓದಿದಾಗ ನನಗೆ ಕಂಡಿದ್ದು ಮೃದಂಗದ ರವೆ. ಮೆತ್ತಗಿರೋ ಭಾರವನ್ನ ಅದುರೋ ಮೈಗೆ ಮೆತ್ತೋದು. ಒಂದು ಕಡೆ ನಾದಕ್ಕೆ, ಇನ್ನೊಂದು ಕಡೆ ಮೌನಕ್ಕೆ.

ಆಮೇಲೆ 1980ರ ದಶಕದಲ್ಲಿ ಬಿ ಅಂಡ್ ಡಬ್ಲ್ಯೂ ಕಂಪನಿ ಪೆಟ್ಟಿಗೆಯೊಳಗೆ ಸೋಡಾ ಬಾಟಲಿ ಕ್ರೇಟಿನ ಹಾಗೆ ಅಡ್ಡ ಉದ್ದ ಪಟ್ಟಿಗಳನ್ನ ಹೆಣೆದು ಹಲಗೆಗೆ ಅಲ್ಲಾಡೋಕೇ ಬಿಡದ ಹಾಗೆ ಮಾಡಿತು. ಹೀಗೆ ಮೂರು ದಾರಿ ಆಯ್ತು: ಭಾರ ಹಾಕಿ ಹೀರಿಸೋದು, ಮೆತ್ತಿ ಸುಸ್ತು ಮಾಡೋದು, ಬಿಗಿದು ಕಟ್ಟೋದು. ಇವತ್ತು ಲಕ್ಷಗಟ್ಟಲೆ ಬೆಲೆಯ ಸ್ಪೀಕರಿನ ಜಾಹೀರಾತಿನಲ್ಲಿ ಏನೇ ಹೊಸ ಹೆಸರಿಟ್ಟಿದ್ದರೂ ಒಳಗಿರೋದು ಇವುಗಳದ್ದೇ ಮಿಶ್ರಣ.

ನಮ್ಮೂರ ಕಡೆ ನಾಲ್ಕನೇ ದಾರಿಯೊಂದಿತ್ತು. 90ರ ದಶಕದಲ್ಲಿ ಕಟಿಂಗ್ ಶಾಪು, ಟೈಲರ್ ಅಂಗಡಿಗಳಲ್ಲಿ ಮಡಕೆ ಸ್ಪೀಕರ್ ಇರ್ತಿತ್ತು, ನೋಡಿದವರಿಗೆ ನೆನಪಿರಬಹುದು. ಆರಿಂಚಿನ ಸ್ಪೀಕರನ್ನ ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿ, ಮೂಲೆಯಲ್ಲಿ ಹಗ್ಗ ಕಟ್ಟಿ ನೇತು ಹಾಕೋದು. ಪ್ಲೈವುಡ್ ಪೆಟ್ಟಿಗೆ ಮಾಡಿಸೋಕೆ ದುಡ್ಡಿಲ್ಲ ಅಂತ ಮಾಡ್ತಿದ್ದಿದ್ದು. ಆದರೆ ಎಂಜಿನಿಯರ್ ಕಣ್ಣಲ್ಲಿ ನೋಡಿ. ಮಡಕೆಗೆ ಚಪ್ಪಟೆ ಹಲಗೆಯೇ ಇಲ್ಲ. ಗುಂಡಗಿರೋ ಮೈ ಎಲ್ಲಾ ಕಡೆಯಿಂದ ತನ್ನನ್ನ ತಾನೇ ಬಿಗಿದುಕೊಂಡಿರುತ್ತೆ, ಮೊಟ್ಟೆಯ ಹಾಗೆ. ಹಗ್ಗದಲ್ಲಿ ತೂಗ್ತಿರೋದರಿಂದ ಗೋಡೆಗೂ ನೆಲಕ್ಕೂ ಅದುರು ಇಳಿಯಲ್ಲ. ಒಳಗಿನ ಗಾಳಿ ಮಾತ್ರ ಬುಂ ಅಂತಿತ್ತು, ಬುದ್ಧಿವಂತರು ಒಂದಿಷ್ಟು ಹತ್ತಿ ತುರುಕ್ತಿದ್ದರು. ಬ್ರಿಗ್ಸ್ ನೋಡಿದ್ದರೆ ಇಷ್ಟಪಡ್ತಿದ್ದರೋ ಏನೋ.

ಇದೆಲ್ಲ ಕಿವಿ ಚುರುಕಿರೋ ಶೋಕಿಲಾಲರ ತಲೆನೋವು, ನಮಗ್ಯಾಕೆ ಅನ್ನಬೇಡಿ. ಪೆಟ್ಟಿಗೆಯ ಅದುರು ನಿಮ್ಮ ಕೋಣೆಯಲ್ಲಿ ಮುಗಿಯಲ್ಲ. ಹೋದ ವರ್ಷ ಅವ್ವ ಕಣ್ಣಿನ ಆಪರೇಷನ್ನಿಗೆ ಅಂತ ಬೆಂಗಳೂರಿಗೆ ಬಂದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ವಾರ ಇದ್ದಳು. ರಾತ್ರಿ ನಿದ್ದೆ ಬೇಕೇಬೇಕು ಅಂತ ಡಾಕ್ಟರು ಹೇಳಿದ್ದರು. ಎರಡನೇ ರಾತ್ರಿ ಎದ್ದು ಕೂತು ಕೇಳಿದಳು.

“ಮೇಲ್ಗಡೆ ಯಾರಪ್ಪ ಇಷ್ಟೊತ್ನಲ್ಲಿ ಭತ್ತ ಕುಟ್ತಾವ್ರೆ?”

ಹಾಡು ಒಂಚೂರೂ ಕೇಳ್ತಿರಲಿಲ್ಲ. ಮಾತಿಲ್ಲ, ರಾಗ ಇಲ್ಲ. ಗೋಡೆಯೊಳಗಿಂದ ದುಂ, ದುಂ, ಅಡುಗೆಮನೆ ಸ್ಟ್ಯಾಂಡಿನಲ್ಲಿ ಒಂದು ಸ್ಟೀಲ್ ಲೋಟ ಕಿಣಿಕಿಣಿ. ಮಾರನೇ ದಿನ ಮೇಲಕ್ಕೆ ಹೋದೆ. ಇಪ್ಪತ್ತೈದರ ಹುಡುಗ, ಒಳ್ಳೆಯವನೇ. “ಸರ್, ವಾಲ್ಯೂಮ್ ಕಮ್ಮಿನೇ ಇಟ್ಟಿರ್ತೀನಿ, ಆ್ಯಪಲ್ಲಿ ನೋಡಿ ಬೇಕಾದ್ರೆ” ಅಂತ ಫೋನ್ ತೋರಿಸಿದ. ಅವನು ಸುಳ್ಳು ಹೇಳ್ತಿರಲಿಲ್ಲ. ಫೋನು ತೋರಿಸ್ತಿದ್ದಿದ್ದು ಡೆಸಿಬೆಲ್ ಎ ಅನ್ನೋ ಅಳತೆ. ಕಿವಿಗೆ ಕಮ್ಮಿ ಕೇಳೋ ಸ್ವರಗಳನ್ನ ಕಳೆದು ಲೆಕ್ಕ ಹಾಕೋ ಪದ್ಧತಿ ಅದು, 50 ಹರ್ಟ್ಝಿನಲ್ಲಿ ಪೂರ್ತಿ 30 ಡೆಸಿಬೆಲ್ ಕಳೆದುಬಿಡುತ್ತೆ. ಅಂದರೆ 70 ಇರೋ ಬೇಸ್ ಮೀಟರಿನಲ್ಲಿ 40. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಅಂತ ಮಿತಿ ಹಾಕಿರೋದೂ ಇದೇ ಅಳತೆಯಲ್ಲಿ. ಕಾನೂನಿನ ಪ್ರಕಾರ ಹುಡುಗ ಪಾಸು. ಅವ್ವನಿಗೆ ನಿದ್ದೆ ಇಲ್ಲ.

ಅವನ ಸಬ್‌ವೂಫರ್ ನೇರ ಟೈಲ್ಸ್ ಮೇಲೆ ಕೂತಿತ್ತು, ಕೆಳಗೆ ಚೂಪು ಲೋಹದ ಕಾಲುಗಳು. ಈ ಸ್ಪೈಕುಗಳು ಕಂಪನವನ್ನ ಇಳಿಸಿ ಓಡಿಸ್ತವೆ ಅಂತ ಮಾರ್ತಾರೆ. ಇಳಿಸ್ತವೆ, ಸರಿ. ಇಳಿಸೋದು ಎಲ್ಲಿಗೆ? ಸ್ಲ್ಯಾಬಿಗೆ. ಕಾರ್ಪೆಟ್ ಹಾಸಿದ ಮನೆಗಳಲ್ಲಿ ಸ್ಪೀಕರ್ ಓಲಾಡದೆ ಗಟ್ಟಿ ನಿಲ್ಲಲಿ ಅಂದರೆ ಸ್ಪೈಕ್ ಸರಿ. ಕಾಂಕ್ರೀಟ್ ಮೇಲಿನ ಟೈಲ್ಸಿಗೆ ಅದು ಕೆಳಗಿನ ಮನೆಗೆ ಹಾಕಿದ ಪೈಪು ಇದ್ದ ಹಾಗೆ.

ಮದ್ದು ನಮ್ಮ ಹಳ್ಳಿಯವರಿಗೆ ಹೊಸದೇನಲ್ಲ. ನೀರಿನ ಕೊಡವನ್ನ ಯಾರೂ ಬರೀ ನೆಲದ ಮೇಲೆ ಇಡಲ್ಲ, ಕೆಳಗೊಂದು ಸಿಂಬೆ ಇಡ್ತಾರೆ. ಸ್ಪೀಕರಿಗೂ ಸಿಂಬೆ ಬೇಕು, ಅದರ ಅಳತೆ ಮಾತ್ರ ಸರಿಯಿರಬೇಕು. ಮೆತ್ತೆಯ ಮೇಲೆ ಭಾರ ಇಟ್ಟರೆ ಅದೊಂದು ಸ್ಪ್ರಿಂಗು. ಅದಕ್ಕೂ ಸ್ವಂತ ಸ್ವರ ಇದೆ. ಆ ಸ್ವರದ ಸುಮಾರು ಒಂದೂವರೆ ಪಟ್ಟಿಗಿಂತ ಮೇಲಿನ ಅದುರನ್ನ ಅದು ತಡೆಯುತ್ತೆ, ಅದರ ಆಸುಪಾಸಿನದ್ದನ್ನ ಇನ್ನೂ ಜೋರು ಮಾಡುತ್ತೆ. ಲೆಕ್ಕ ಸುಲಭ. ಭಾರ ಇಟ್ಟಾಗ ಮೆತ್ತೆ ಎಷ್ಟು ಮಿಲಿಮೀಟರ್ ಕುಸಿಯುತ್ತೋ ನೋಡಿ, ಅದರ ವರ್ಗಮೂಲದಿಂದ 16ನ್ನ ಭಾಗಿಸಿ. 2 ಮಿಲಿಮೀಟರ್ ಕುಸಿದರೆ ಸುಮಾರು 11 ಹರ್ಟ್ಝ್, ರಬ್ಬರಿಗೆ ಇನ್ನು ಸ್ವಲ್ಪ ಮೇಲೆ. 40 ಹರ್ಟ್ಝಿನ ಬೇಸ್ ತಡೆಯೋಕೆ ಸಾಕು. ಅದೇ ಗಟ್ಟಿ ರಬ್ಬರಿನ ತೆಳು ಬಿಲ್ಲೆ 0.1 ಮಿಲಿಮೀಟರ್ ಮಾತ್ರ ಕುಸಿದರೆ 50 ಹರ್ಟ್ಝ್. ಅದನ್ನ ಹಾಕಿದರೆ ಮೊದಲಿಗಿಂತ ಹಾಳು. ಪ್ಯಾಡ್ ಹಾಕಿದೆ, ಏನೂ ಆಗಲಿಲ್ಲ ಅನ್ನೋರಲ್ಲಿ ಬಹಳ ಜನರ ಕತೆ ಇದೇ ಇರಬೇಕು.

ಹುಡುಗನೂ ನಾನೂ ಸೇರಿ ಸ್ಪೈಕ್ ಬಿಚ್ಚಿ, ಮೆತ್ತನೆಯ ರಬ್ಬರಿನ ನಾಲ್ಕು ತುಂಡು, ಅದರ ಮೇಲೆ ಅಡುಗೆಮನೆ ಕಟ್ಟೆಯಿಂದ ಉಳಿದಿದ್ದ ಒಂದು ಕಡಪ ಕಲ್ಲು, ಅದರ ಮೇಲೆ ಸಬ್‌ವೂಫರ್ ಇಟ್ಟೆವು. ಕಲ್ಲು ಭಾರ ಸೇರಿಸುತ್ತೆ, ಭಾರ ಸ್ವರವನ್ನ ಇನ್ನೂ ಕೆಳಗಿಳಿಸುತ್ತೆ. ಗೋಡೆಗೆ ತಾಗಿದ್ದನ್ನ ಒಂದಡಿ ಈಚೆಗೆ ಸರಿಸಿದೆವು. ಇದರಿಂದ ಸ್ಲ್ಯಾಬಿಗೆ ಇಳಿಯೋ ಅದುರು ನಿಲ್ಲುತ್ತೆ. ಗಾಳಿಯಲ್ಲಿ ಹೋಗೋ ಬೇಸ್ ಯಾವ ಮೆತ್ತೆಗೂ ನಿಲ್ಲಲ್ಲ, ಅದಕ್ಕೆ ಕೈಯಿಂದ ವಾಲ್ಯೂಮ್ ತಗ್ಗಿಸೋದೊಂದೇ ದಾರಿ. ಹತ್ತರ ಮೇಲೆ ಸಬ್‌ವೂಫರ್ ಆಫ್ ಮಾಡ್ತೀನಿ ಸರ್ ಅಂತ ಅವನೇ ಹೇಳಿದ. ಕೆಳಗೆ ಬಂದು ಅವ್ವನನ್ನ ಮಾತಾಡಿಸಿ ಹೋದ. “ಕುಟ್ಟಿದ್ದು ನೀನೇನಾ ಮಗ? ನಿಮ್ಮನೇಲಿ ಎಷ್ಟು ಪಲ್ಲ ಭತ್ತ ಅದೆ?” ಅಂತ ಕೇಳಿದಳು. ಆ ರಾತ್ರಿ ಲೋಟ ಕಿಣಿಗುಡಲಿಲ್ಲ.

ಅವತ್ತು ಅವನೇ ಇನ್ನೊಂದು ಮಾತು ಹೇಳಿದ, ನನಗೆ ಅದು ಮುಖ್ಯ ಅನ್ನಿಸ್ತು. “ಸರ್, ಬೇಸ್ ಕಮ್ಮಿ ಆದಂಗಿದೆ. ಆದ್ರೆ ಮೃದಂಗ ಈಗ ಮೃದಂಗ ಥರ ಕೇಳ್ತಿದೆ.” ಕಮ್ಮಿ ಆಗಿದ್ದು ಬೇಸ್ ಅಲ್ಲ. ನೆಲವೂ ಟಿವಿ ಯೂನಿಟ್ಟೂ ಸೇರಿ ಹಾಡ್ತಿದ್ದಿದ್ದು ನಿಂತಿತ್ತು. ಕೆಳಗಿನ ಮನೆಗೆ ಹೋಗೋ ಕಿರಿಕಿರಿಯೂ ನಮ್ಮ ಕಿವಿಯಲ್ಲಿ ಸಂಗೀತವನ್ನ ಕೆಸರು ಮಾಡೋ ಕಂಪನವೂ ಹೊರಡೋದು ಒಂದೇ ಕಡೆಯಿಂದ. ಪಕ್ಕದವರಿಗೆ ಮಾಡಿದ ಉಪಕಾರ ತಿರುಗಿ ನಮ್ಮ ಕಿವಿಗೇ ಬರುತ್ತೆ.

ಹೊಸ ಸ್ಪೀಕರ್ ತಗೊಳೋರಿಗೆ ಒಂದು ಕಿವಿಮಾತು. ಸಂತೆಯಲ್ಲಿ ಮಡಕೆ ಕೊಳ್ಳೋವಾಗ ಬೆರಳ ಗೆಣ್ಣಿಂದ ತಟ್ಟಿ ನೋಡ್ತಾರೆ, ಠಣ್ ಅಂದರೆ ಗಟ್ಟಿ, ದಪ್ ಅಂದರೆ ಬಿರುಕು. ಸ್ಪೀಕರ್ ಅಂಗಡಿಯಲ್ಲಿ ಇದನ್ನ ತಿರುಗಿಸಿ ಮಾಡಿ. ಪಕ್ಕದ ಹಲಗೆ ನಡುವೆ ತಟ್ಟಿ. ಠಣ್ ಅಂದರೆ ಬಿಟ್ಟುಬನ್ನಿ, ದಪ್ ಅಂದರೆ ಕೂತು ಕೇಳಿ. ಈಗಾಗಲೇ ಇರೋ ಸ್ಪೀಕರಾದರೆ ಮೊದಲು ಅದನ್ನ ಕಪಾಟಿನಿಂದ ಹೊರಗೆ ತಂದು, ಕೆಳಗೆ ಸಿಂಬೆ ಕೊಡಿ. ಸ್ಕ್ರೂಗಳು ಸಡಿಲ ಆಗಿದ್ದರೆ ಬಿಗಿ ಮಾಡಿ. ಮೇಲಿಟ್ಟಿರೋ ಫೋಟೋ ಫ್ರೇಮು, ಗೊಂಬೆ ತೆಗೆದಿಡಿ. ಇಷ್ಟಕ್ಕೆ ಐನೂರು ರೂಪಾಯಿಯೂ ಆಗಲ್ಲ.

ಬೆಂಗಳೂರಿನಲ್ಲಿ ಚೌಡಯ್ಯನವರ ಹೆಸರಿನ ಸಭಾಂಗಣ ಇದೆ, ಪಿಟೀಲಿನದೇ ಆಕಾರದ ಕಟ್ಟಡ. ಹೊರಗಿಂದ ಪಿಟೀಲು, ಒಳಗೆ ಮಾತ್ರ ಪಿಟೀಲಿನ ಹಾಗೆ ಗುಯ್‌ಗುಟ್ಟೋ ಹಾಗಿಲ್ಲ. ಗುಯ್‌ಗುಟ್ಟಿದರೆ ವೇದಿಕೆಯ ಮೇಲಿನವರ ಸಂಗೀತ ಕೇಳಲ್ಲ. ನಮ್ಮ ಹಾಲ್‌ನಲ್ಲಿರೋ ಪೆಟ್ಟಿಗೆಗೂ ಇರೋದು ಇದೇ ಕಟ್ಟಳೆ. ಚೌಡಯ್ಯನವರು 1967ರಲ್ಲಿ ತೀರಿಕೊಂಡರು, ಅವರ ರೆಕಾರ್ಡಿಂಗುಗಳು ಉಳಿದಿವೆ, ಹುಡುಕಿದರೆ ಇವತ್ತೂ ಸಿಗ್ತವೆ. ಹಳೇ ರೆಕಾರ್ಡು, ಸರಪರ ಸದ್ದು ಇರುತ್ತೆ, ಅದರ ಹಿಂದೆ ಆ ದಪ್ಪ ನಾದ ಇರುತ್ತೆ. ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲಿ ಅಂತ ಒಬ್ಬ ಮನುಷ್ಯ ಮರದಿಂದ, ತಂತಿಯಿಂದ ಹೊರಡಿಸಿದ ನಾದ. ಏಳು ತಂತಿ ಇದೆ ಅಲ್ಲಿ. ರಾತ್ರಿ ಹತ್ತಕ್ಕೆ ಮುಂಚೆ, ಹಲಗೆ ಮೇಲೆ ಒಂದ್ಸಲ ಕೈಯಿಟ್ಟು ನೋಡಿ, ಕೇಳಿ.